ತಂತಿ ಇಲ್ಲದ ಮನೆಗೊಂದು ಪೂರ್ವಕಥೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಕರ್ನಾಟಕವು ಇಪ್ಪತ್ತನೆಯ ಶತಮಾನದಲ್ಲಿ ಕಂಡ ದೊಡ್ಡ ಕನಸುಗಳಲ್ಲಿ ಹಲವು ಈ ಪುಟ್ಟ ದಾರಿಯ ಆಸುಪಾಸಿನಲ್ಲೇ ಬಂದುಹೋಗಿವೆ: ಕಬ್ಬಿಣ, ಕಾಗದ, ಸಿಮೆಂಟು, ಕಾಲುವೆ, ಕರೆಂಟು. ಈ ದಾರಿಯಿಂದ ಸ್ವಲ್ಪ ಒಳಕ್ಕೆ, ವಿದ್ಯುತ್ ಕಂಬಗಳ ಸಾಲು ಮುಗಿಯುವ ಜಾಗದಿಂದ ಆಚೆ, ನಾನು, ನನ್ನ ಗಂಡ ಮತ್ತು ನಾಲ್ಕು ವರ್ಷದ ಮಗಳು ಒಂದು ಮನೆ ಕಟ್ಟಿಕೊಳ್ಳಲು ಹೊರಟಿದ್ದೇವೆ. ಆ ಮನೆಗೆ ಮೆಸ್ಕಾಂ ತಂತಿ ಬರುವುದಿಲ್ಲ, ನಗರದ ನಲ್ಲಿ ಬರುವುದಿಲ್ಲ, ಒಳಚರಂಡಿಯೂ ಇಲ್ಲ. ಬಿಸಿಲಿನಿಂದ ಬೆಳಕು, ಮಳೆಯಿಂದ ನೀರು, ಸೆಗಣಿಯಿಂದ ಒಲೆಯ ಉರಿ, ಅಲ್ಲಿಯದೇ ಮಣ್ಣಿನಿಂದ ಗೋಡೆ. ಇದನ್ನು ಈಗ ಎಲ್ಲರೂ ‘ಆಫ್ ಗ್ರಿಡ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಪದ ಹುಡುಕಿದೆ, ಸಿಗಲಿಲ್ಲ. ಸಿಗದಿರುವುದಕ್ಕೆ ಕಾರಣವೂ ಸರಳವಾಗಿದೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಮನೆ ಎಂದರೆ ಇಂಥದ್ದೇ. ಎಲ್ಲ ಮನೆಯೂ ಹಾಗೆಯೇ ಇದ್ದಾಗ ಅದಕ್ಕೊಂದು ಬೇರೆ ಹೆಸರು ಯಾಕೆ ಬೇಕು?

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಮನೆಯ ನಕ್ಷೆ ಹಿಡಿದು ಕೂತಾಗಲೂ ತಲೆ ಹಿಂದಕ್ಕೇ ಓಡುತ್ತದೆ. ನನ್ನ ತವರಿನವರು ಭದ್ರಾವತಿಯವರು. ಅಜ್ಜ ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದವರು, ಕಾರ್ಖಾನೆಯ ವಸತಿಯಲ್ಲಿ ಬೆಳಕು ನೀರು ಎರಡನ್ನೂ ಕಂಡವರು. ಅತ್ತೆಯ ಕಡೆಯವರು ಶರಾವತಿ ದಂಡೆಯವರು. ನಮ್ಮ ಜಿಲ್ಲೆಯಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ ‘ಮುಳುಗಡೆಯವರು’. ಒಂದು ಮನೆತನಕ್ಕೆ ತಂತಿ ಕೊಟ್ಟಿತು, ಇನ್ನೊಂದರಿಂದ ಅದೇ ತಂತಿ ಊರನ್ನೇ ಕಿತ್ತುಕೊಂಡಿತು. ಹಾಗಾಗಿ ತಂತಿ ಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮಲ್ಲಿ ಬರೀ ಖರ್ಚಿನ ಲೆಕ್ಕವಾಗಿ ಉಳಿಯಲಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದು, ಕೇಳಿದ್ದು, ಲೆಕ್ಕ ಹಾಕಿದ್ದು.

ಮೊದಲು ತಂತಿ ಬರುವ ಮುಂಚಿನ ಮಲೆನಾಡಿನ ಮನೆಯನ್ನೇ ನೋಡೋಣ. ಗುಡ್ಡದ ಮೇಲಿನ ಒರತೆಯಿಂದ ಸೀಳಿದ ಅಡಿಕೆ ಮರದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ನೀರನ್ನು ಹಿತ್ತಲಿಗೆ ತರುತ್ತಿದ್ದರು. ಅದಕ್ಕೆ ಪಂಪು ಬೇಕಿರಲಿಲ್ಲ, ಇಳಿಜಾರೇ ಸಾಕಿತ್ತು. ಗೋಡೆಗೆ ಕೆಮ್ಮಣ್ಣು ಅಥವಾ ಜಂಬಿಟ್ಟಿಗೆ, ನೆಲಕ್ಕೆ ಸೆಗಣಿ ಸಾರಣೆ, ಮೇಲೆ ಸೋಗೆ ಅಥವಾ ಹಂಚು. ಒಳಗೆ ಮರದ ಮುಚ್ಚಿಗೆಯ ಮೇಲೆ ಮಣ್ಣು ಹರಡಿದ ಅಟ್ಟ. ಈ ಮಣ್ಣಿನ ಪದರ ಬೇಸಿಗೆಯ ಬಿಸಿಯನ್ನು ಮೇಲೆಯೇ ತಡೆಯುತ್ತಿತ್ತು, ಮಳೆಗಾಲದಲ್ಲಿ ಅಟ್ಟದ ಅಡಿಕೆಯನ್ನೂ ಬೀಜದ ಭತ್ತವನ್ನೂ ಬೆಚ್ಚಗಿಡುತ್ತಿತ್ತು. ಬಚ್ಚಲ ಒಲೆಗೆ ತೋಟದ ಸೋಗೆ, ಹಾಳೆ, ತೆಂಗಿನ ಗರಿ. ಕೊಟ್ಟಿಗೆಗೆ ಸೊಪ್ಪಿನಬೆಟ್ಟದ ಸೊಪ್ಪು ಮತ್ತು ದರಕು, ಕೊಟ್ಟಿಗೆಯ ಗೊಬ್ಬರ ಮತ್ತೆ ತೋಟಕ್ಕೆ. ಮನೆಯಿಂದ ಹೊರಗೆ ಎಸೆಯುವ ವಸ್ತು ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ.

ಇಂಥ ಮನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಟ್ಟಿಗೆ ಕೊಟ್ಟಿಗೆ. ಬೇಸಿಗೆ ಪೂರ್ತಿ ಕಟ್ಟಿಗೆ ಒಡೆದು, ಒಣಗಿಸಿ, ಮೃಗಶಿರಾ ಮಳೆ ಹಿಡಿಯುವುದರೊಳಗೆ ಸೂರಿನಡಿ ಒಟ್ಟಬೇಕಿತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಎಲ್ಲವೂ ಅದೇ ತಯಾರಿಯ ಭಾಗ. ಬಿಸಿಲಿರುವಾಗ ಕೂಡಿಟ್ಟು ಬಿಸಿಲಿಲ್ಲದಾಗ ಬಳಸುವುದು. ಇಂದು ಬ್ಯಾಟರಿ ಮಾಡುವ ಕೆಲಸವನ್ನು ಅಂದು ಕಟ್ಟಿಗೆ ರಾಶಿ ಮಾಡುತ್ತಿತ್ತು. ಯಾವ ದೊಡ್ಡ ಜಾಲಕ್ಕೂ ಸೇರದ ಮನೆಯ ಮೊದಲ ಚಿಂತೆ ಉತ್ಪಾದನೆಯದಲ್ಲ, ದಾಸ್ತಾನಿನದು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಆ ಮನೆಗಳು ಪೂರ್ತಿ ಸ್ವಾವಲಂಬಿಗಳಾಗಿದ್ದವು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಪ್ಪು ಘಟ್ಟದ ಕೆಳಗಿನಿಂದ ಬರಬೇಕಿತ್ತು. ಕಬ್ಬಿಣ, ಬಟ್ಟೆ, ಆಮೇಲೆ ಸೀಮೆಎಣ್ಣೆ ಸಂತೆಯಿಂದ ಬರಬೇಕಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಲೆನಾಡಿನ ಸೂರಿಗೂ ಘಟ್ಟದ ಕೆಳಗಿನ ಹಂಚು ಹತ್ತಿತು. ಅಡಿಕೆಯೆಂಬ ಬೆಳೆಯೇ ದೂರದ ಪೇಟೆಯನ್ನು ನಂಬಿದ್ದು, ಅದನ್ನು ಯಾರೂ ಊಟಕ್ಕೆಂದು ಬೆಳೆಯುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಭೂಮಿಯನ್ನು ಅಳೆಸಿ ಕಂದಾಯದ ‘ಶಿಸ್ತು’ ಗೊತ್ತುಮಾಡಿದ. ಅವನ ಹೆಸರಿನ ಅರಮನೆ ಶಿವಮೊಗ್ಗದಲ್ಲಿ ತುಂಗೆಯ ಸಮೀಪ ಇಂದಿಗೂ ಇದೆ. ಕಾಡಿನ ನಡುವಿನ ಒಂಟಿಮನೆಯೂ ಅವನ ಲೆಕ್ಕದ ಪುಸ್ತಕದೊಳಗೆ ಇತ್ತು. ತಂತಿ ಇಲ್ಲದಿದ್ದರೂ ರಾಜ್ಯ ಮತ್ತು ಮಾರುಕಟ್ಟೆ ಎಂಬ ಎರಡು ಜಾಲಗಳು ಆಗಲೇ ಮನೆಗೆ ಬಂದಿದ್ದವು.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ಆ ಸ್ವಾವಲಂಬನೆ ಯಾರ ಬೆನ್ನಿನ ಮೇಲಿತ್ತು? ಸೊಪ್ಪು ಹೊತ್ತವರು ಯಾರು, ಕಟ್ಟಿಗೆ ಒಡೆದವರು ಯಾರು, ದಂಬೆ ನೀರು ಬತ್ತಿದ ವೈಶಾಖದಲ್ಲಿ ಬಾವಿಯಿಂದ ಕೊಡ ಸೇದಿದವರು ಯಾರು? ದೊಡ್ಡ ಮನೆಗಳ ಜಗಲಿಯ ಹಿಂದೆ ಗೇಣಿದಾರರ ಮತ್ತು ಜೀತದಾಳುಗಳ ಗುಡಿಸಲುಗಳಿದ್ದವು. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಜಗಳದಿಂದ. ದೀವರ ಗೇಣಿದಾರರು ಎದ್ದು ನಿಂತರು, ಎಚ್. ಗಣಪತಿಯಪ್ಪ ಅವರನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ಹಿಂದೆ ಈ ಹೋರಾಟದ ನೆನಪಿದೆ. ಹಳೆಯ ಮಲೆನಾಡ ಮನೆಯನ್ನು ಪರಿಸರಸ್ನೇಹಿ ಎಂದು ಹೊಗಳುವ ಲೇಖನಗಳಲ್ಲಿ ಕಾಗೋಡು ಬರುವುದಿಲ್ಲ. ಬರಬೇಕು ಎನ್ನುವುದು ನನ್ನ ತಕರಾರು. ದೊಡ್ಡ ಮನೆಗಳಲ್ಲಿ ಆಳುಗಳು ಹೊತ್ತದ್ದನ್ನು ಸಣ್ಣ ಮನೆಗಳಲ್ಲಿ ಹೆಂಗಸರು ಹೊತ್ತರು. ಒಲೆಯ ಹೊಗೆ ಎರಡೂ ಕಡೆ ಹೆಂಗಸರ ಕಣ್ಣಿಗೇ ಹೋಯಿತು.

ಇನ್ನು ತಂತಿಯ ಕಥೆ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಊರುಗಳಿಗಲ್ಲ, ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ, ಕೊನೆಗೆ ಹಳ್ಳಿ. ಈ ಸರದಿ ಮುಂದೆಯೂ ಬದಲಾಗಲಿಲ್ಲ.

ನಮ್ಮ ಕಡೆ ಮೊದಲು ಬಂದದ್ದು ಕರೆಂಟಲ್ಲ, ಕಬ್ಬಿಣ. ಬೆಂಕಿಪುರ ಎಂದೂ ಕರೆಸಿಕೊಂಡಿದ್ದ ಭದ್ರಾವತಿಯಲ್ಲಿ, ಭದ್ರೆಯ ದಂಡೆಯ ಮೇಲೆ, ಮೈಸೂರು ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಕೆಲಸ ಶುರುಮಾಡಿತು. ಹಿಂದೆ ಇದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ಸರ್ ಎಂ. ವಿಶ್ವೇಶ್ವರಯ್ಯ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇಲ್ಲದ್ದರಿಂದ ಕುಲುಮೆಗೆ ಇದ್ದಿಲನ್ನೇ ನಂಬಬೇಕಾಯಿತು, ಇದ್ದಿಲಿಗೆ ಮಲೆನಾಡಿನ ಕಾಡನ್ನು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಆವಿಯಿಂದ ಮರದ ಮದ್ಯಸಾರ, ಟಾರು ಮುಂತಾದವನ್ನೂ ತೆಗೆಯುತ್ತಿದ್ದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿ ಇಳಿಸುವಿಕೆಯ ಉಲ್ಲೇಖವಿತ್ತು. ಒಂದು ಲೆಕ್ಕದಲ್ಲಿ ಇದೂ ಸ್ಥಳೀಯ ಸಂಪನ್ಮೂಲವನ್ನೇ ನಂಬಿದ ಉದ್ಯಮ: ಹತ್ತಿರದ ಅದಿರು, ಹತ್ತಿರದ ಮರ, ಹತ್ತಿರದ ನದಿ. ಆದರೆ ‘ಸ್ಥಳೀಯ’ ಎಂದ ಮಾತ್ರಕ್ಕೆ ಅದು ಬಾಳುತ್ತದೆ ಎಂದಲ್ಲ. ಮರ ಬೆಳೆಯುವ ವೇಗಕ್ಕೂ ಕುಲುಮೆ ತಿನ್ನುವ ವೇಗಕ್ಕೂ ತಾಳೆಯಾಗಬೇಕು.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೂ ಕಾಡೇ ಕಚ್ಚಾವಸ್ತು, ಮೊದಲು ಬಿದಿರು, ಆಮೇಲೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು. ಕಬ್ಬಿಣದ ಕಾರ್ಖಾನೆ ಬೀಡು ಕಬ್ಬಿಣದ ಕೊಳವೆಗಳನ್ನು ಎರಕ ಹೊಯ್ಯಿತು, ಮುಂದೆ ಉಕ್ಕು ಮಾಡಿತು, ಸಿಮೆಂಟನ್ನೂ ತಯಾರಿಸಿತು. ಕೊಳವೆ, ಸರಳು, ಸಿಮೆಂಟು, ಅಂದರೆ ಇಂದಿನ ಮನೆಯ ಮೂರು ಮುಖ್ಯ ಸಾಮಾನುಗಳು ನಮ್ಮ ಊರಿನ ಸರಹದ್ದಿನಲ್ಲೇ ತಯಾರಾದ ಒಂದು ಕಾಲವಿತ್ತು.

ವಾಸ್ತುಶಿಲ್ಪಿ ಲಾರಿ ಬೇಕರ್ ಗಾಂಧೀಜಿಯಿಂದ ಕೇಳಿದೆನೆಂದು ಹೇಳಿಕೊಂಡ ಒಂದು ಸಲಹೆಯಿದೆ: ಮನೆಗೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿಯೊಳಗೆ ಸಿಗುವಂತಿರಬೇಕು. ಆ ಅಳತೆಯನ್ನು ಸ್ವಲ್ಪ ಸಡಿಲಿಸಿದರೆ 1950ರ ಭದ್ರಾವತಿಯ ಸಿಮೆಂಟು ಮನೆಯೂ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಇಂದು ಹಾಗಿಲ್ಲ. ಕಾಗದ ಕಾರ್ಖಾನೆ ನಿಂತು ವರ್ಷಗಳಾದವು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರಲ್ಲಿ, ಅದಕ್ಕೆ ನೂರು ತುಂಬಿದ ವರ್ಷವೇ, ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ನನ್ನ ತವರಿನವರಿಗೆ ಅದೊಂದು ಸುದ್ದಿಯಾಗಿರಲಿಲ್ಲ, ಸೂತಕವಾಗಿತ್ತು. ಒಂದು ಊರು ಒಂದೇ ಕಾರ್ಖಾನೆಯನ್ನು ನಂಬಿದರೆ ಏನಾಗುತ್ತದೆ ಎಂಬುದನ್ನು ಕಾರ್ಖಾನೆಯ ವಸತಿಗಳ ಪಾಳುಬಿದ್ದ ಅಂಗಳಗಳು ಹೇಳುತ್ತವೆ. ನಮ್ಮ ಮನೆಗೆ ಒಂದೇ ದಾರಿಯಿಂದ ಎಲ್ಲವೂ ಬರಬಾರದು ಎಂಬ ನನ್ನ ಹಟಕ್ಕೆ ಮೂಲ ಭದ್ರಾವತಿಯಲ್ಲೇ ಇದೆ.

ಕರೆಂಟಿನ ಪೂರ್ಣ ಪ್ರವೇಶವಾದದ್ದು ಜೋಗದಿಂದ. ಯೋಜನೆಯ ಕೆಲಸ 1939ರಲ್ಲಿ ಶುರುವಾಗಿ 1948ರಲ್ಲಿ ವಿದ್ಯುತ್ ಹರಿಯಿತು. ಒಟ್ಟು 120 ಮೆಗಾವಾಟ್ ಸಾಮರ್ಥ್ಯದ ಆ ಕೇಂದ್ರಕ್ಕೆ ಆಮೇಲೆ ಮಹಾತ್ಮ ಗಾಂಧಿಯವರ ಹೆಸರಾಯಿತು. ಅದಕ್ಕೆ ನೀರು ಕೂಡಿಡಲು ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿದ್ದರು. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು, ಇದ್ದಿಲಿನ ಹಸಿವನ್ನು ಜೋಗ ಸ್ವಲ್ಪ ತಣಿಸಿತು. ಕಾಡು ಉಳಿಸಿದ್ದು ಕರೆಂಟು ಎಂದು ಯಾರಾದರೂ ವಾದಿಸಿದರೆ ಅದರಲ್ಲಿ ನಿಜವಿದೆ. ಆದರೆ ನಿಜ ಅಷ್ಟೇ ಅಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸುಮಾರು 150 ಟಿಎಂಸಿ ನೀರು ಹಿಡಿಯುವ ಜಲಾಶಯ. ಹಿರೇಭಾಸ್ಕರದ ಹಳೆಯ ಅಣೆಕಟ್ಟೇ ಅದರಲ್ಲಿ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟಿನ ಜೊತೆ ಹಳ್ಳಿಗಳು, ತೋಟಗಳು, ದೇವಸ್ಥಾನಗಳು, ನಾನು ಮೇಲೆ ಹೇಳಿದ ದಂಬೆ ನೀರಿನ ಮನೆಗಳೂ ಹೋದವು. ಸಾವಿರಾರು ಕುಟುಂಬಗಳು ಎದ್ದು ಶಿವಮೊಗ್ಗ, ಭದ್ರಾವತಿ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿಗೆ ಬಂದು ಬಿದ್ದವು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಮನೆಮನೆಯ ದೀಪದ ದೊಡ್ಡ ಪಾಲು ದಶಕಗಳ ಕಾಲ ಇದರಿಂದಲೇ ಉರಿಯಿತು. ಆ ದೀಪಕ್ಕೆ ಎಣ್ಣೆ ಎರೆದವರು ಮಾತ್ರ ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಕೂತರು. ಕಾಡಂಚಿನ ಜಮೀನಿನ ಹಕ್ಕುಪತ್ರಕ್ಕಾಗಿ ಅವರ ಮೂರನೆಯ ತಲೆಮಾರು ಇಂದಿಗೂ ಕಚೇರಿ, ಕೋರ್ಟು ಅಲೆಯುತ್ತಿದೆ. ಹಿನ್ನೀರಿನ ಆಚೆ ಉಳಿದುಕೊಂಡ ತುಮರಿ ಸೀಮೆಯವರು ಸಾಗರಕ್ಕೆ ಬರಲು ಲಾಂಚನ್ನು ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಅವರಿಗೆ ತೆರೆದದ್ದು 2025ರ ಜುಲೈಯಲ್ಲಿ.

ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಹತ್ತಿರದಿಂದ ಕಂಡವರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳ ಮೂಲಕ ಅವರು ಈ ಜನರನ್ನು ಕನ್ನಡದ ಓದುಗರ ಮುಂದೆ ನಿಲ್ಲಿಸಿದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಸ್ವಿಚ್ಚಿನ ಇತಿಹಾಸ ಬೇಕಿದ್ದರೆ ಇಲಾಖೆಯ ವರದಿಯ ಜೊತೆಗೆ ಈ ಕಾದಂಬರಿಗಳನ್ನೂ ಇಟ್ಟುಕೊಂಡು ಓದಿ.

ನಮ್ಮ ಯೋಜನೆ ಕೇಳಿದಾಗ ಅತ್ತೆ ನಕ್ಕರು. “ಕರೆಂಟ್ ಇಲ್ದೇ ಇರೋಕೆ ದುಡ್ಡು ಕೊಡ್ತೀರೇನ್ರೋ? ನಾವು ಪುಕ್ಕಟೆ ಇದ್ವಿ!” ಎಂದರು. ಈ ಮಾತಿನೊಳಗೆ ಒಂದು ಇಡೀ ಅಧ್ಯಾಯವಿದೆ. ತಂತಿ ಬಾರದೆ ಇದ್ದವರಿಗೂ ತಂತಿ ಬೇಡವೆಂದವರಿಗೂ ಅಂತರವಿದೆ. ಮೊದಲಿನದು ವಂಚನೆ, ಎರಡನೆಯದು ಆಯ್ಕೆ. ಆಯ್ಕೆ ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಹಕ್ಕುಪತ್ರವಿರುತ್ತದೆ, ಬ್ಯಾಂಕಿನ ಸಾಲ ಹುಟ್ಟುತ್ತದೆ.

ಈ ಅಂತರ ನಮ್ಮ ದೇಶದ್ದಷ್ಟೇ ಅಲ್ಲ. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡು ಎರಡು ವರ್ಷ ಚಿಲ್ಲರೆ ಕಾಲ ಇದ್ದ. ಸರಳ ಬದುಕಿನ ಮಾತು ಬಂದಾಗಲೆಲ್ಲ ಅವನ ಹೆಸರು ಬರುತ್ತದೆ. ಅವನ ಲೆಕ್ಕದಲ್ಲಿ ಮನೆಗೆ ತಗುಲಿದ್ದು 28 ಡಾಲರ್ ಹನ್ನೆರಡೂವರೆ ಸೆಂಟ್. ಆ ಜಾಗ ಗೆಳೆಯ ಎಮರ್ಸನ್ನನದು. ಗೋಡೆಯ ಹಲಗೆಗಳು ರೈಲುದಾರಿ ಹಾಕಲು ಬಂದಿದ್ದ ಐರಿಷ್ ಕೂಲಿ ಜೇಮ್ಸ್ ಕಾಲಿನ್ಸ್‌ನ ಜೋಪಡಿಯವು. ಥೋರೋ ಆ ಜೋಪಡಿಯನ್ನು ಕೊಂಡು ಬಿಚ್ಚಿದ, ಕಾಲಿನ್ಸ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮುಂದಿನ ಊರಿಗೆ ನಡೆದ. ಒಬ್ಬನ ಸರಳತೆಯ ಪ್ರಯೋಗಕ್ಕೆ ಇನ್ನೊಬ್ಬನ ಅನಿವಾರ್ಯದ ಮನೆ ಸಾಮಗ್ರಿಯಾಯಿತು. ಥೋರೋ ಇದನ್ನು ಮುಚ್ಚಿಡಲಿಲ್ಲ, ತಾನೇ ಬರೆದಿಟ್ಟ. ಅವನ ಪುಸ್ತಕದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ಲೆಕ್ಕದ ಪ್ರಾಮಾಣಿಕತೆ.

ನಮ್ಮಲ್ಲಿ ಈ ಪ್ರಶ್ನೆಯನ್ನು ವಿಜ್ಞಾನದ ಮೂಲಕ ಕೈಗೆತ್ತಿಕೊಂಡ ಒಂದು ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಮತ್ತು ಸಂಗಡಿಗರು ‘ಅಸ್ತ್ರ’ ಎಂಬ ಕೇಂದ್ರ ಶುರುಮಾಡಿದರು. ಹಳ್ಳಿಗೆ ಹೊಂದುವ ತಂತ್ರಜ್ಞಾನ ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರವಿತ್ತು. ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಊರಿನ ದನಗಳ ಸೆಗಣಿಯಿಂದ ಅನಿಲ ಮಾಡಿ, ಅದರಿಂದ ಎಂಜಿನ್ ಓಡಿಸಿ, ಊರಿಗೆ ದೀಪ ಮತ್ತು ಕೊಳವೆಬಾವಿಯ ನೀರು ಕೊಟ್ಟರು. ಕಡಿಮೆ ಹೊಗೆಯ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಅಡುಗೆಮನೆ ಸೇರಿತು. ಕೆ.ಎಸ್. ಜಗದೀಶ್ ಮುಂತಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ರೂಪಿಸಿದರು. ರೆಡ್ಡಿಯವರ ಯೋಚನೆಯ ತಿರುಳು ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ: ಜನಕ್ಕೆ ಬೇಕಾದದ್ದು ವಿದ್ಯುತ್ತಲ್ಲ, ಬೆಳಕು, ನೀರು, ಬೆಂದ ಅನ್ನ, ಬೀಸಿದ ಹಿಟ್ಟು. ಎಷ್ಟು ಮೆಗಾವಾಟ್ ಎಂಬ ಪ್ರಶ್ನೆಗೆ ಮೊದಲು ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳಬೇಕು.

ನಮ್ಮ ಮನೆಯ ಲೆಕ್ಕ ಆ ಪ್ರಶ್ನೆಯಿಂದಲೇ ಶುರುವಾಯಿತು. ಮೊದಲು ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹಂಚಿನ ಸೂರು ಸುಮಾರು 100 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಇಟ್ಟುಕೊಂಡರೆ 80,000 ಲೀಟರ್. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹಿಡಿದರೆ 64,000. ಮೂವರಿಗೆ ದಿನಕ್ಕೆ 300 ಲೀಟರ್ ಎಂದರೆ ಏಳು ತಿಂಗಳಿಗೆ ಸಾಕು. ಆದರೆ ಮತ್ತೆ ಅದೇ ದಾಸ್ತಾನಿನ ಪ್ರಶ್ನೆ. ನಾವು ಕಟ್ಟಬಲ್ಲ ತೊಟ್ಟಿ 30,000 ಲೀಟರಿನದು. ಮಳೆ ನಿಂತ ಮೇಲೆ ಅದು ಸರಿಯಾಗಿ ನೂರು ದಿನ, ಅಂದರೆ ಶಿವರಾತ್ರಿಯ ತನಕ. ಉಳಿದ ಬೇಸಿಗೆಗೆ ಬಾವಿ. ತೊಟ್ಟಿ ತುಂಬಿ ಹರಿದ ಮಳೆನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಡುತ್ತೇವೆ. ತೊಟ್ಟಿ ತೋಡಿದಾಗ ಬರುವ ಮಣ್ಣು ಗೋಡೆಯ ಇಟ್ಟಿಗೆಗೆ ದೊಡ್ಡ ಪಾಲು ಒದಗಿಸುತ್ತದೆ. ನೀರಿಗೆ ಜಾಗ ಮಾಡಿದ ಗುಂಡಿಯೇ ಗೋಡೆಯಾಗಿ ಎದ್ದು ನಿಲ್ಲುವುದು ನನ್ನ ಗಂಡನಿಗೆ ಇಡೀ ನಕ್ಷೆಯಲ್ಲಿ ಅತಿ ಇಷ್ಟವಾದ ಭಾಗ.

ಬಾವಿ ತೋಡಿದವರು ಹದಿನೆಂಟು ಅಡಿಗೇ ಒಳ್ಳೆಯ ನೀರು ಕಂಡರು. ಇದು ನಮ್ಮ ಪುಣ್ಯವಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ಹೊರಡುವ ಕಾಲುವೆಗಳು ಈ ಬಯಲಿನ ಗದ್ದೆ ತೋಟಗಳಿಗೆ ನೀರುಣಿಸುತ್ತವೆ, ಅದರ ಜಿನುಗಿನಿಂದ ಬಾವಿಗಳ ಮಟ್ಟ ಏರಿದೆ. ಆ ಅಣೆಕಟ್ಟಿನ ಹಿಂದೆಯೂ ಮುಳುಗಿದ ಊರುಗಳಿವೆ. ಯಾವ ಜಾಲವೂ ಬೇಡವೆಂದು ದೂರ ಬಂದವರ ಬಾವಿಯ ತಳದಲ್ಲಿ ಸರ್ಕಾರದ ಕಾಲುವೆ ಇದೆ. ನಮ್ಮ ಸ್ವಾವಲಂಬನೆಯ ಮಾತು ಎಲ್ಲಿಯವರೆಗೆ ನಿಜ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಬೆಳಕು. ಒಳ್ಳೆಯ ಬಿಸಿಲಿದ್ದರೆ ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ನಮ್ಮದು ಮೂರು ಕಿಲೋವಾಟ್, ಅಂದರೆ 12 ಯೂನಿಟ್. ನಮಗೆ ಬೇಕಾದದ್ದು ಎರಡೂವರೆ. ಫೆಬ್ರವರಿಯಲ್ಲಿ ಕುಬೇರರು. ಆಷಾಢದ ಮೋಡ ಕವಿದಾಗ ಇಳುವರಿ ಕಾಲು ಪಾಲಿಗೆ ಇಳಿದರೆ ಮೂರು ಯೂನಿಟ್, ಕೂದಲೆಳೆಯಲ್ಲಿ ಪಾರು. ಹತ್ತು ಯೂನಿಟ್ಟಿನ ಬ್ಯಾಟರಿ ಪೂರ್ತಿ ಕತ್ತಲೆಯ ನಾಲ್ಕು ದಿನ ತಾಳುತ್ತದೆ, ಐದನೆಯ ದಿನ ಇಲ್ಲ. ಮಲೆನಾಡಿನ ಮಳೆಗೆ ಐದು ದಿನ ದೊಡ್ಡದಲ್ಲ.

ಇಲ್ಲೊಂದು ವಿಚಿತ್ರವಿದೆ. ನಮ್ಮ ಸೂರಿನ ಬಿಸಿಲನ್ನು ಮುಚ್ಚುವ ಅದೇ ಮೋಡ ಲಿಂಗನಮಕ್ಕಿಯನ್ನು ತುಂಬಿಸುತ್ತದೆ. ಜಲಾಶಯ ಜುಲೈಯ ಮಳೆಯನ್ನು ಮಾರ್ಚಿನ ದೀಪಕ್ಕೆ ಕಾದಿಡುತ್ತದೆ. ಅಂಥ ಎಂಟು ತಿಂಗಳ ದಾಸ್ತಾನನ್ನು ಯಾವ ಮನೆಯ ಬ್ಯಾಟರಿಯೂ ಮಾಡಲಾರದು. ಅಣೆಕಟ್ಟು ಎಂದರೆ ಇಡೀ ನಾಡು ಒಟ್ಟಿಗೆ ಕಟ್ಟಿಕೊಂಡ ಕಟ್ಟಿಗೆ ಕೊಟ್ಟಿಗೆ. ಅದನ್ನು ಯಾರ ಅಂಗಳದ ಮೇಲೆ ಕಟ್ಟಿದರು ಎಂಬುದಷ್ಟೇ ನಮ್ಮ ಅತ್ತೆಯ ದೂರು. ಅಣೆಕಟ್ಟು ಬೇಡವಿತ್ತು ಎಂದು ಅವರೂ ಎಂದೂ ಹೇಳಿದ್ದಿಲ್ಲ.

ದುಡ್ಡಿನ ಲೆಕ್ಕ ಹಾಕಿದರೆ ತಂತಿಯೇ ಗೆಲ್ಲುತ್ತದೆ. 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಇದೆ. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಆದರೆ ಅದು ತಂತಿಗೆ ಸೇರಿಕೊಂಡ ಸೂರಿಗೆ ಮಾತ್ರ. ಜಾಲದಿಂದ ಹೊರಗಿರುವವರಿಗೆ ಸರ್ಕಾರ ಏನನ್ನೂ ಕೊಡುವುದಿಲ್ಲ ಎಂದು ಗೊಣಗುವ ಹಕ್ಕು ನಮಗಿಲ್ಲ. ನೂರು ಸೂರುಗಳ ಬಿಸಿಲು ಒಂದು ತಂತಿಯಲ್ಲಿ ಸೇರಿದರೆ ಇಲ್ಲಿ ಮೋಡವಿದ್ದಾಗ ಚಿತ್ರದುರ್ಗದ ಬಿಸಿಲು ಇಲ್ಲಿಗೆ ಬರಬಹುದು. ಹಂಚಿಕೊಳ್ಳುವುದರಲ್ಲಿ ನ್ಯಾಯವೂ ಇದೆ, ಜಾಣತನವೂ ಇದೆ.

ಹಾಗಾದರೆ ನಾವು ಯಾಕೆ ತಂತಿ ಎಳೆಸುತ್ತಿಲ್ಲ? ಕೊನೆಯ ಕಂಬದಿಂದ ನಮ್ಮ ಜಾಗಕ್ಕೆ ಬರಲು ಹತ್ತಾರು ಮರ ಕಡಿಯಬೇಕು, ಇದು ಒಂದು ಕಾರಣ. ಎರಡೂವರೆ ಯೂನಿಟ್ಟಿನಲ್ಲಿ ಒಂದು ಕುಟುಂಬ ಮರ್ಯಾದೆಯಿಂದ ಬದುಕಬಹುದೇ ಎಂದು ಕೈಯಾರೆ ತಿಳಿಯಬೇಕು, ಇದು ಇನ್ನೊಂದು. ಬದುಕಬಹುದಾದರೆ ಮುಂದಿನ ಲಿಂಗನಮಕ್ಕಿ ಬೇಕೇ ಎಂಬ ಪ್ರಶ್ನೆಗೆ ಒಂದು ಸಣ್ಣ ಸಾಕ್ಷಿ ಸಿಕ್ಕಂತೆ. ಆಗದಿದ್ದರೆ ಅದೂ ಸಾಕ್ಷಿಯೇ. ಆಗ ಕಂಬ ಹಾಕಿಸಲು ಅರ್ಜಿ ಕೊಡುತ್ತೇವೆ. ಸೋಲೆಂದು ತಿಳಿಯುವುದಿಲ್ಲ.

ಮನೆಗೆ ನಾನು ಹಾಕಿರುವ ಷರತ್ತು ಒಂದೇ. ಇತಿಹಾಸದ ಪಾಠದಿಂದ ಬಂದ ಷರತ್ತು ಅದು. ಯಂತ್ರದಿಂದ ಇಳಿಸಿದ ಯಾವ ಕೆಲಸವೂ ಮತ್ತೆ ಹೆಣ್ಣಿನ ಬೆನ್ನೇರಬಾರದು. ಎರಡೂವರೆ ಯೂನಿಟ್ಟಿನಲ್ಲಿ ಮೊದಲ ಪಾಲು ಪಂಪಿಗೆ, ಮಿಕ್ಸರಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ. ಅಡುಗೆಗೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಗುಂಡಿ. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು, ನಾಲ್ಕು ದನಗಳ ಪಾಲು. ದನ ಸಾಕುವ ಶಕ್ತಿ ನಮಗಿಲ್ಲದ್ದರಿಂದ ಪಕ್ಕದ ತೋಟದವರ ಕೊಟ್ಟಿಗೆಯ ಸೆಗಣಿಯನ್ನು ನಾವು ತರುವುದು, ಅನಿಲ ತೆಗೆದ ಮೇಲಿನ ಬಗ್ಗಡವನ್ನು ಅವರ ತೋಟಕ್ಕೆ ಹಿಂತಿರುಗಿಸುವುದು ಎಂದು ಮಾತಾಗಿದೆ. ಬುಟ್ಟಿ ಹೊರುವ ಸರದಿಯ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಲಾಗುವುದು, ಅದರಲ್ಲಿ ಮೊದಲ ಹೆಸರು ನನ್ನ ಗಂಡನದು.

ಪಾಯದ ಕಲ್ಲು ಬಂದಿದೆ. ಇಟ್ಟಿಗೆ ಒತ್ತುವ ಯಂತ್ರ ಮುಂದಿನ ವಾರ ಬಾಡಿಗೆಗೆ ಸಿಗುತ್ತದೆ. ಸರಳು ಮತ್ತು ಸಿಮೆಂಟು ದೂರದಿಂದಲೇ ಬರಬೇಕು, ಆದಷ್ಟು ಕಡಿಮೆ ತರಿಸುತ್ತಿದ್ದೇವೆ. ಬ್ಯಾಟರಿಯೊಳಗಿನ ಲೋಹ ಯಾವ ದೇಶದ ಯಾರ ಅಂಗಳದಿಂದ ಅಗೆದದ್ದೋ, ಆ ಊರಿನ ‘ಮುಳುಗಡೆ’ಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ. ಕಾರ್ಖಾನೆಯಲ್ಲಿ ದುಡಿದ ಅಜ್ಜ ಬಿಟ್ಟುಹೋದ ಒಂದು ಭದ್ರಾವತಿಯ ಬೀಡು ಕಬ್ಬಿಣದ ಕೊಳವೆ ತವರಿನ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ತಂದು ಮಳೆನೀರು ಸೂರಿನಿಂದ ತೊಟ್ಟಿಗೆ ಇಳಿಯುವ ಜಾಗಕ್ಕೆ ಜೋಡಿಸುತ್ತೇವೆ. ಅಳತೆ ನೋಡಿದ ಮೇಸ್ತ್ರಿ, ಇದು ಇನ್ನೂ ಐವತ್ತು ವರ್ಷ ಬರುತ್ತದೆ ಎಂದಿದ್ದಾರೆ.